ಬಿನ್ ತುಂಬುವ ಕೆಲಸ ಯಾರಿಗೆ ಕೊಡ್ತೀಯ?

ತಮ್ಮಾ, ಪಂಪ್ ಅಸೆಂಬ್ಲಿ ಲೈನಿನ ಹೊಣೆ ನಿನ್ನ ಹೆಗಲಿಗೆ ಬಂದಿದೆ, ಸಂತೋಷ. ಬಂದ ವಾರವೇ ಹೊಸ ಮಷೀನ್ ಬೇಕು, ಸಾಫ್ಟ್‌ವೇರ್ ಬೇಕು ಅಂತ ಪಟ್ಟಿ ಬರೆಯಲು ಕೂರಬೇಡ. ಒಂದು ಶಿಫ್ಟ್ ಪೂರ್ತಿ ಸ್ಟೋರ್ಸ್ ಬಾಗಿಲಲ್ಲಿ ನಿಂತು ನೋಡು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಬೋಲ್ಟಿಗಾಗಿ ಎದ್ದು ಬಂದ ಆಪರೇಟರ್‌ಗಳು ಎಷ್ಟು ಮಂದಿ, ಇಂಡೆಂಟ್ ಚೀಟಿಗೆ ಸಹಿ ಬೀಳಲೆಂದು ಕಾದವರು ಎಷ್ಟು ಮಂದಿ, ಎಣಿಸು. ಹೀಗೆ ಅಲೆದು ಬೇಸತ್ತವರು ಮರುದಿನ ಎರಡು ದಿನಕ್ಕಾಗುವಷ್ಟು ಸಾಮಾನು ತಂದು ಬೆಂಚಿನ ಕೆಳಗೆ ಬಚ್ಚಿಡುತ್ತಾರೆ. ಅವರನ್ನು ಬೈಯಬೇಡ. ಬೇಕೆಂದಾಗ ಸಿಗುತ್ತದೆ ಅನ್ನುವ ನಂಬಿಕೆಯನ್ನು ನಾವೇ ಕೊಟ್ಟಿಲ್ಲ.

ಇದಕ್ಕೆ ಮದ್ದು ಹಳೆಯದು. ಟೊಯೋಟಾದ ತೈಚಿ ಓನೊ 1953ರಲ್ಲೇ ತಮ್ಮ ಮಷೀನ್ ಶಾಪಿನಲ್ಲಿ ಅಮೆರಿಕದ ಸೂಪರ್ ಮಾರ್ಕೆಟ್ಟಿನ ಕ್ರಮ ತಂದರು: ಎಷ್ಟು ಖರ್ಚಾಯಿತೋ ಅಷ್ಟನ್ನೇ ಮತ್ತೆ ತುಂಬುವುದು. ಖರ್ಚಾದದ್ದನ್ನು ತಿಳಿಸಲು ಒಂದು ಕಾರ್ಡು, ಅದೇ ಕಾನ್‌ಬಾನ್.

ಬೆಂಚಿನ ಬಳಿ ಎಷ್ಟು ಬಿನ್ ಇಡಬೇಕು ಅನ್ನುವ ಲೆಕ್ಕ ಕಷ್ಟವೇನಲ್ಲ, ಆದರೆ ಒಂದು ಕಡೆ ಎಲ್ಲರೂ ಎಡವುತ್ತಾರೆ. ಗಂಟೆಗೆ 40 ಪಂಪು, ಪಂಪಿಗೆ 6 ಬೋಲ್ಟು ಅಂದರೆ ಗಂಟೆಗೆ 240. ಬಿನ್ನಿಗೆ 120 ಹಿಡಿಸುತ್ತದೆ ಅನ್ನು. ಖಾಲಿ ಬಿನ್ ಒಯ್ದು ತುಂಬಿ ತರುವ ಟ್ರಾಲಿ ಗಂಟೆಗೊಮ್ಮೆ ಬರುತ್ತದೆ ಅಂತ ಒಂದೇ ಗಂಟೆಯ ಸಾಮಾನು ಇಟ್ಟರೆ ಲೈನ್ ನಿಲ್ಲುವುದು ಖಂಡಿತ. ಟ್ರಾಲಿ ಆಚೆ ಹೋದ ಮರುಗಳಿಗೆಯೇ ಬಿನ್ ಖಾಲಿಯಾಯಿತು ಅಂತಿಟ್ಟುಕೊ. ಖಾಲಿ ಬಿನ್ ಎತ್ತಿಕೊಳ್ಳಲು ಒಂದು ಗಂಟೆ, ತುಂಬಿದ್ದು ಬಂದು ಸೇರಲು ಇನ್ನೊಂದು. ಎರಡು ಗಂಟೆಗೆ 480 ಬೋಲ್ಟು, ಅಂದರೆ 4 ಬಿನ್ನು. ಕೈಗೆ ಹತ್ತಿರ ಬಳಕೆಯಲ್ಲಿರುವ ಒಂದೂ ಸೇರಿ 5. ಅದೇ ಟ್ರಾಲಿ ಅರ್ಧ ಗಂಟೆಗೊಮ್ಮೆ ಬಂದರೆ 3 ಬಿನ್ನೇ ಸಾಕು. ಇಷ್ಟಿಷ್ಟೇ, ಮೇಲಿಂದ ಮೇಲೆ ತರುವುದರಲ್ಲಿ ಎಷ್ಟು ಜಾಗ, ಎಷ್ಟು ದುಡ್ಡು ಉಳಿಯುತ್ತದೆ ನೋಡು. ಟ್ರಾಲಿ ಹೊತ್ತಿಗೆ ಸರಿಯಾಗಿ ಬರಬೇಕು, ಅಷ್ಟೇ. ಒಂದು ಸುತ್ತು ತಪ್ಪಿದರೂ ಈ ಲೆಕ್ಕವೆಲ್ಲ ನೀರುಪಾಲು.

ಹಾಗಾಗಿ ಆ ಟ್ರಾಲಿ ಯಾರ ಕೈಯಲ್ಲಿದೆ ಅನ್ನುವುದೇ ನನಗೆ ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಿ ನಿನ್ನೆ ಸೇರಿದ ಹೆಲ್ಪರ್‌ಗೆ ಅದನ್ನು ಒಪ್ಪಿಸಿಬಿಡುತ್ತಾರೆ. ಜಪಾನಿನ ಕಾರ್ಖಾನೆಗಳಲ್ಲಿ ಈ ಕೆಲಸದವರನ್ನು ಮಿಜುಸುಮಾಶಿ ಅನ್ನುತ್ತಾರೆ. ಇಡೀ ಲೈನ್ ಬಲ್ಲವರನ್ನೇ ಅದಕ್ಕೆ ಆರಿಸುವುದು ರೂಢಿ. ಅನುಭವಸ್ಥರಾದರೆ 25 ಮಿಲಿಮೀಟರ್ ಬೋಲ್ಟಿನ ಬಿನ್ನಿಗೆ 30ರದ್ದು ಬೆರೆತದ್ದನ್ನು ತುಂಬುವಾಗಲೇ ಹಿಡಿಯುತ್ತಾರೆ. ಎಂದಿನಂತೆ ಇಳಿಯದೆ ನಿಂತ ಬಿನ್ ಕಂಡರೆ, ಆ ಬೆಂಚಿನಲ್ಲಿ ಏನೋ ತೊಡಕಾಗಿದೆ ಅಂತ ನಿನಗೆ ಬಂದು ಹೇಳುತ್ತಾರೆ. ಕಂಪ್ಯೂಟರ್ ಪರದೆಗಿಂತ ಮೊದಲು ಅವರಿಗೇ ಗೊತ್ತಾಗುವುದು.

ಅದು ಹೆಲ್ಪರ್ ಕೆಲಸ ಅನ್ನುವ ಮಾತು ನಿನ್ನ ಬಾಯಿಂದ ಬರಕೂಡದು. ನಿನ್ನ ಲೈನಿನ ಹಿರಿಯ ಆಪರೇಟರ್ ಒಬ್ಬರನ್ನು ಗೌರವದಿಂದ ಕೇಳಿಕೊಂಡು ಟ್ರಾಲಿ ಅವರ ಕೈಗೆ ಕೊಡು. ಮೊದಲ ವಾರ ಪ್ರತಿ ಸುತ್ತಿನಲ್ಲೂ ನೀನೂ ಅವರ ಜೊತೆ ನಡೆ.