ಗೋಡೆಯಾಚೆಯ ಅಹವಾಲು

ಪ್ರೌಢಶಾಲೆಗಳಲ್ಲಿ ನಡೆಯುವ ಚರ್ಚಾಸ್ಪರ್ಧೆಗೆ ಕೆಲವು ಸರಳವಾದ ನಿಯಮಗಳುಂಟು. ವಿಷಯದ ಪರವಾಗಿ ಮಾತನಾಡುವವರಿಗೆ ಎಷ್ಟು ನಿಮಿಷಗಳೋ ವಿರೋಧವಾಗಿ ಮಾತನಾಡುವವರಿಗೂ ಅಷ್ಟೇ ನಿಮಿಷಗಳು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಅಡ್ಡ ಬರುವಂತಿಲ್ಲ. ಎರಡೂ ಪಕ್ಷಗಳನ್ನು ಪೂರ್ತಿಯಾಗಿ ಕೇಳುವವರೆಗೆ ತೀರ್ಪುಗಾರರು ತೀರ್ಮಾನ ಹೇಳುವಂತಿಲ್ಲ. ನ್ಯಾಯಾಲಯವೂ ಇದೇ ತತ್ತ್ವದ ಮೇಲೆ ನಿಂತಿದೆ. ಆಪಾದನೆಗೆ ಒಳಗಾದವನ ಮಾತನ್ನು ಕೇಳದೆ ಅವನನ್ನು ಅಪರಾಧಿಯೆಂದು ಸಾರುವುದು ನ್ಯಾಯವೆನಿಸದು.

‘ಸೆರೆಮನೆಯ ಉದ್ದೇಶ ದಂಡನೆಯೋ, ಸುಧಾರಣೆಯೋ?’ ಎಂಬ ವಿಷಯವನ್ನು ಚರ್ಚೆಗೆ ಇಟ್ಟಾಗ ವಿದ್ಯಾರ್ಥಿಗಳು ಉತ್ಸಾಹದಿಂದ ವಾದಿಸುತ್ತಾರೆ. ಆದರೆ ಆ ಚರ್ಚೆ ಯಾರನ್ನು ಕುರಿತದ್ದೋ ಅವರು ಮಾತ್ರ ಸಭೆಯಲ್ಲಿ ಇರುವುದಿಲ್ಲ. ಅವರು ಎತ್ತರದ ಗೋಡೆಯ ಹಿಂದೆ ಇದ್ದಾರೆ. ಅವರ ಅಹವಾಲನ್ನು ಹೊರಗಿನವರಿಗೆ ಮುಟ್ಟಿಸುವವರು ಯಾರು?

ಈ ಪ್ರಶ್ನೆಯ ಗುರುತ್ವವನ್ನು ಅರಿಯಲು ಒಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ ಪಾಳ್ಯದ ಸುತ್ತಿನ ಕಾಫಿ ತೋಟವೊಂದರಲ್ಲಿ ದುಡಿಯುವ ಕೂಲಿಗಾರನೊಬ್ಬನಿದ್ದಾನೆ ಎನ್ನೋಣ. ಲೈನ್ ಮನೆಯಲ್ಲಿ ಅವನ ವಾಸ, ಸ್ವಂತ ಭೂಮಿಯಿಲ್ಲ. ನೆರೆಯ ತೋಟದ ಕಣದಿಂದ ಮೆಣಸಿನ ಚೀಲವೊಂದು ಕಾಣೆಯಾಗುತ್ತದೆ. ಅನುಮಾನದ ಮೇಲೆ ಅವನ ಬಂಧನವಾಗುತ್ತದೆ. ನ್ಯಾಯಾಲಯವು ಜಾಮೀನು ನೀಡಲು ಒಪ್ಪಿದರೂ ಅವನ ಪರವಾಗಿ ನಿಲ್ಲಲು ಪಹಣಿ ಪತ್ರವುಳ್ಳ ಜಾಮೀನುದಾರನೊಬ್ಬನು ಬೇಕು. ಅಂಥವನು ದೊರೆಯದಿದ್ದರೆ ಕೂಲಿಗಾರನು ಸೆರೆಯಲ್ಲಿಯೇ ಉಳಿಯುತ್ತಾನೆ. ಅದೇ ಆಪಾದನೆಗೆ ಒಳಗಾದ ಉಳ್ಳವನು ಅಂದು ಸಂಜೆಯೇ ಮನೆಗೆ ಮರಳುತ್ತಾನೆ. ಇಬ್ಬರ ಅಪರಾಧವೂ ಇನ್ನೂ ಸಾಬೀತಾಗಿಲ್ಲ. ಇಬ್ಬರನ್ನು ಬೇರ್ಪಡಿಸಿದ್ದು ಬಡತನವೊಂದೇ.

ಹೀಗೆ ವಿಚಾರಣೆ ಮುಗಿಯುವ ಮುನ್ನವೇ ಬಂಧನದಲ್ಲಿ ಇರುವವರನ್ನು ‘ವಿಚಾರಣಾಧೀನ ಕೈದಿಗಳು’ ಎನ್ನುತ್ತಾರೆ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು; ಅಂದರೆ ನಾಲ್ವರಲ್ಲಿ ಮೂವರು. ಎಲ್ಲ ಸೆರೆಮನೆಗಳಲ್ಲಿಯೂ ಸೇರಿ ಇದ್ದ ಸ್ಥಳಾವಕಾಶವಾದರೋ 4,36,266 ಮಂದಿಗೆ ಮಾತ್ರ.

ಈ ಅನ್ಯಾಯವು ದೇಶದ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು 1979ರಲ್ಲಿ. ಬಿಹಾರದ ಸೆರೆಮನೆಗಳಲ್ಲಿ ವರ್ಷಗಟ್ಟಲೆ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರನ್ನು ಕುರಿತು ಪೊಲೀಸ್ ಅಧಿಕಾರಿಯಾಗಿದ್ದ ಕೆ. ಎಫ್. ರುಸ್ತುಂಜಿಯವರು ಪತ್ರಿಕೆಯಲ್ಲಿ ಲೇಖನಗಳನ್ನು ಬರೆದರು. ಅವುಗಳ ಆಧಾರದ ಮೇಲೆ ನ್ಯಾಯವಾದಿ ಪುಷ್ಪಾ ಕಪಿಲಾ ಹಿಂಗೋರಾನಿಯವರು ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ತಮ್ಮ ಮೇಲಿನ ಆಪಾದನೆ ಸಾಬೀತಾಗಿದ್ದರೂ ಅನುಭವಿಸಬೇಕಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಸೆರೆಯಲ್ಲಿದ್ದವರೂ ಆ ಕೈದಿಗಳಲ್ಲಿದ್ದರು! ‘ಹುಸೇನಾರಾ ಖಾತೂನ್ ಮೊಕದ್ದಮೆ’ ಎಂದು ಹೆಸರಾದ ಈ ಪ್ರಕರಣದಲ್ಲಿ, ಶೀಘ್ರ ವಿಚಾರಣೆಯನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯಲ್ಲಿ ಅಡಕವಾಗಿರುವ ಹಕ್ಕೆಂದು ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಸಾರಿದರು.

ಕರ್ನಾಟಕದಲ್ಲಿ ಇಂಥ ಅಹವಾಲು ಗೋಡೆಯ ಒಳಗಿನಿಂದಲೇ ಹೊರಟಿತು. 1984ರಲ್ಲಿ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿದ್ದ ರಾಮಮೂರ್ತಿ ಎಂಬ ಕೈದಿಯು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರವೊಂದನ್ನು ಬರೆದನು. ದುಡಿದ ದುಡಿಮೆಗೆ ನ್ಯಾಯವಾದ ಕೂಲಿ ದೊರೆಯುತ್ತಿಲ್ಲ, ಆಹಾರ ತಿನ್ನುವಂತಿಲ್ಲ, ಹಿಂಸೆ ನಡೆಯುತ್ತಿದೆ ಎಂಬುದು ಅದರ ಸಾರ. ಸರ್ವೋಚ್ಚ ನ್ಯಾಯಾಲಯವು ಆ ಪತ್ರವನ್ನೇ ಅರ್ಜಿಯೆಂದು ಭಾವಿಸಿತು; ಸೆರೆಮನೆಗೆ ಹೋಗಿ ಸ್ಥಿತಿಗತಿಗಳನ್ನು ಪರಿಶೀಲಿಸಿ ವರದಿ ಮಾಡುವಂತೆ ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರಿಗೆ ಸೂಚಿಸಿತು. ಅಂತಿಮ ತೀರ್ಪು ಬಂದದ್ದು 1996ರ ಡಿಸೆಂಬರ್‌ನಲ್ಲಿ. ಕಿಕ್ಕಿರಿದ ಕೋಣೆಗಳು, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಉಪೇಕ್ಷೆ, ಅನ್ನವಸ್ತ್ರಗಳ ಕೊರತೆ ಮೊದಲಾಗಿ ಒಂಬತ್ತು ಸಮಸ್ಯೆಗಳನ್ನು ಗುರುತಿಸಿ, ಇಡೀ ದೇಶದ ಸೆರೆಮನೆಗಳ ಸುಧಾರಣೆಗೆ ಅದು ದಾರಿ ತೋರಿತು. ಒಬ್ಬನ ಪತ್ರ ಎಲ್ಲರ ಪತ್ರವಾಯಿತು. ಆದರೆ ಪತ್ರಕ್ಕೂ ತೀರ್ಪಿಗೂ ನಡುವೆ ಹನ್ನೆರಡು ವರ್ಷಗಳು ಕಳೆದಿದ್ದವೆಂಬುದನ್ನು ಮರೆಯಲಾಗದು.

ಪತ್ರ ಬರೆಯಲಾರದ ನಿರಕ್ಷರಿಗಳ ಪಾಡೇನು? ಇಲ್ಲಿಯೇ ವಿದ್ಯಾವಂತರ ಹೊಣೆ ಆರಂಭವಾಗುತ್ತದೆ. ಪತ್ರಕರ್ತೆ ಶೀಲಾ ಬರ್ಸೆಯವರು ಮುಂಬಯಿಯ ಪೊಲೀಸ್ ಬಂಧನದಲ್ಲಿದ್ದ ಸ್ತ್ರೀಯರ ಕಷ್ಟವನ್ನು ಪತ್ರದ ಮೂಲಕ ತಿಳಿಸಿದಾಗ, ಸರ್ವೋಚ್ಚ ನ್ಯಾಯಾಲಯವು ಸ್ತ್ರೀ ಕೈದಿಗಳನ್ನು ಕಂಡು ವಿಚಾರಿಸುವ ಕಾರ್ಯವನ್ನು ನಿರ್ಮಲಾ ನಿಕೇತನ ಎಂಬ ಸಮಾಜಕಾರ್ಯ ಕಾಲೇಜಿನ ನಿರ್ದೇಶಕರಿಗೆ ಒಪ್ಪಿಸಿತು. ಆ ವರದಿಯನ್ನು ಪರಿಗಣಿಸಿ 1983ರಲ್ಲಿ ಬಂಧಿತರಿಗೆ ಕಾನೂನಿನ ನೆರವು ಒದಗಿಸುವಂತೆ ಆದೇಶಿಸಿತು. 1990ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ‘ಪ್ರಯಾಸ್’ ಎಂಬ ಯೋಜನೆಯನ್ನು ಆರಂಭಿಸಿ, ಬಂಧಿತರ ಕಾನೂನು ನೆರವಿಗೂ ಪುನರ್ವಸತಿಗೂ ಶ್ರಮಿಸತೊಡಗಿತು.

ವಿದ್ಯಾರ್ಥಿಗಳ ಶ್ರದ್ಧೆ ಎಂಥ ಫಲವನ್ನು ಕೊಡಬಲ್ಲದೆಂಬುದಕ್ಕೆ ಅಮೆರಿಕದಲ್ಲಿ ಒಂದು ಪ್ರಬಲ ನಿದರ್ಶನವಿದೆ. 1978ರಲ್ಲಿ ಚಿಕಾಗೊ ಸಮೀಪದಲ್ಲಿ ನಡೆದ ಕೊಲೆಗಳಿಗಾಗಿ ನಾಲ್ವರು ನಿರಪರಾಧಿಗಳು ಶಿಕ್ಷೆಗೆ ಗುರಿಯಾಗಿದ್ದರು. ಅವರಲ್ಲಿ ಇಬ್ಬರಿಗೆ ಮರಣದಂಡನೆ ವಿಧಿಸಲಾಗಿತ್ತು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮವನ್ನು ಅಭ್ಯಸಿಸುತ್ತಿದ್ದ ಮೂವರು ವಿದ್ಯಾರ್ಥಿನಿಯರು ಈ ಪ್ರಕರಣವನ್ನು ಕೈಗೆತ್ತಿಕೊಂಡರು. ಹಳೆಯ ಕಡತಗಳಲ್ಲಿ ಅವರಿಗೆ ಒಂದು ಸಂಗತಿ ಕಂಡಿತು: ಕೊಲೆಯಾದ ಕೆಲವೇ ದಿನಗಳಲ್ಲಿ ಸಾಕ್ಷಿಯೊಬ್ಬನು ಬೇರೆಯವರ ಹೆಸರುಗಳನ್ನು ಹೇಳಿದ್ದನು, ಪೊಲೀಸರು ಅದನ್ನು ಬೆನ್ನಟ್ಟಿರಲಿಲ್ಲ. ಮುಂದೆ ಡಿಎನ್‌ಎ ಪರೀಕ್ಷೆಯೂ ಆ ನಾಲ್ವರ ನಿರಪರಾಧಿತ್ವವನ್ನು ತೋರಿಸಿತು. 1996ರಲ್ಲಿ ಅವರು ದೋಷಮುಕ್ತರಾದರು. ಆ ವಿದ್ಯಾರ್ಥಿನಿಯರನ್ನು ಗೆಲ್ಲಿಸಿದ್ದು ಆವೇಶದ ಭಾಷಣವಲ್ಲ, ಬೇರೆಯವರು ಓದದೆ ಬಿಟ್ಟ ಕಾಗದವನ್ನು ಓದಿದ ತಾಳ್ಮೆ.

ಸೆರೆಯಲ್ಲಿರುವವರು ತಾವೇ ಚರ್ಚೆಯ ವೇದಿಕೆಯನ್ನು ಏರಿದ ಪ್ರಸಂಗವೂ ಉಂಟು. 2015ರ ಸೆಪ್ಟೆಂಬರ್‌ನಲ್ಲಿ, ನ್ಯೂಯಾರ್ಕ್ ರಾಜ್ಯದ ಸೆರೆಮನೆಯೊಂದರಲ್ಲಿ ಬಾರ್ಡ್ ಕಾಲೇಜಿನ ಶಿಕ್ಷಣವನ್ನು ಪಡೆಯುತ್ತಿದ್ದ ಮೂವರು ಕೈದಿಗಳು ಹೆಸರಾಂತ ಹಾರ್ವರ್ಡ್‌ನ ವಿದ್ಯಾರ್ಥಿಗಳೊಡನೆ ಚರ್ಚಿಸಿ ಜಯಗಳಿಸಿದರು. ಅವರಿಗೆ ಅಂತರ್ಜಾಲದ ಸೌಕರ್ಯವಿರಲಿಲ್ಲ. ಬೇಕಾದ ಪುಸ್ತಕಗಳು ಅಧಿಕಾರಿಗಳ ಅನುಮತಿ ಪಡೆದು ಬರುವಷ್ಟರಲ್ಲಿ ವಾರಗಳು ಕಳೆಯುತ್ತಿದ್ದವು. ತಾವು ಒಪ್ಪದ ಪಕ್ಷವನ್ನೇ ಅವರು ಅಂದು ಸಮರ್ಥಿಸಬೇಕಾಗಿತ್ತು. ಎದುರಾಳಿಯ ದೃಷ್ಟಿಯಿಂದ ನೋಡಬಲ್ಲ ಮನಸ್ಸು ಸೆರೆಯಲ್ಲಿಯೂ ಬೆಳೆಯಬಲ್ಲದೆಂಬುದನ್ನು ಅವರು ತೋರಿಸಿಕೊಟ್ಟರು.

ಈ ಚರ್ಚೆಗೆ ಇನ್ನೊಂದು ಪಕ್ಷವಿದೆ, ಅದನ್ನೂ ಕೇಳಬೇಕು. ಕಳವಾದ ಮೆಣಸು ಸಣ್ಣ ಬೆಳೆಗಾರನೊಬ್ಬನ ವರ್ಷದ ದುಡಿಮೆಯಾಗಿರಬಹುದು. ಕೊಲೆಯಾದವನ ಮನೆಯವರ ದುಃಖಕ್ಕೆ ಕೊನೆಯಿಲ್ಲ. ಆಪಾದಿತನು ಸಾಕ್ಷಿಗಳನ್ನು ಬೆದರಿಸುವ ಭಯವಿದ್ದಲ್ಲಿ ಬಂಧನವು ಅಗತ್ಯವೇ ಆಗಬಹುದು. ಇವು ತಳ್ಳಿಹಾಕತಕ್ಕ ಮಾತುಗಳಲ್ಲ. ಆದರೆ ತಪ್ಪು ಮಾಡದವನನ್ನು ಸೆರೆಯಲ್ಲಿಟ್ಟರೆ ನೊಂದವರಿಗೆ ನ್ಯಾಯ ದೊರೆತಂತಾಗದು. ನಿಜವಾದ ಅಪರಾಧಿ ಹೊರಗೆ ಉಳಿದಂತಾಗುವುದು. ಶೀಘ್ರವಾದ, ನಿಷ್ಪಕ್ಷಪಾತವಾದ ವಿಚಾರಣೆ ಎರಡೂ ಕಡೆಯವರ ಹಿತಕ್ಕೆ ಬೇಕಾದುದು.

ಕಾನೂನು ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನು ಇಟ್ಟಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ, ಬಂಧನದಲ್ಲಿರುವ ವ್ಯಕ್ತಿಯು ಉಚಿತ ಕಾನೂನು ನೆರವಿಗೆ ಅರ್ಹನು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣದಂತೆ, ಹಿಂದೆ ಶಿಕ್ಷೆಗೊಳಗಾಗದ ವಿಚಾರಣಾಧೀನನು ಆಪಾದಿತ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಸೆರೆಯಲ್ಲಿ ಕಳೆದಿದ್ದರೆ ಬಿಡುಗಡೆಗೆ ಅರ್ಹನಾಗುತ್ತಾನೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಆಸ್ಪದವಿರುವ ಅಪರಾಧಗಳಿಗೂ, ಹಲವು ಮೊಕದ್ದಮೆಗಳನ್ನು ಎದುರಿಸುತ್ತಿರುವವರಿಗೂ ಇದು ಅನ್ವಯಿಸದು. ಸಾಮಾನ್ಯ ಕಳ್ಳತನಕ್ಕೆ ಗರಿಷ್ಠ ಶಿಕ್ಷೆ 3 ವರ್ಷ. ಆದ್ದರಿಂದ ಮೇಲೆ ಊಹಿಸಿದ ಕೂಲಿಗಾರನಿಗೆ ಆ ಗಡುವು 1 ವರ್ಷ. ಗಡುವು ತುಂಬಿದಾಗ ನ್ಯಾಯಾಲಯಕ್ಕೆ ಬರೆದು ತಿಳಿಸುವುದು ಸೆರೆಮನೆಯ ಅಧೀಕ್ಷಕರ ಕರ್ತವ್ಯ.

ಆದರೆ ಕಾನೂನು ತಾನಾಗಿ ದಿನಗಳನ್ನು ಎಣಿಸದು, ಮನುಷ್ಯರು ಎಣಿಸಬೇಕು. ಯಾರು ಎಂದು ಬಂಧಿತರಾದರು, ಅವರಿಗೆ ವಕೀಲರಿದ್ದಾರೆಯೇ, ಜಾಮೀನು ದೊರೆತೂ ಒಳಗೆ ಉಳಿದವರೆಷ್ಟು ಎಂದು ಸಮಾಜವು ಕೇಳುತ್ತಲೇ ಇರಬೇಕು. ಅಂಕಿಅಂಶಗಳನ್ನು ಸಂಗ್ರಹಿಸುವುದು, ಎದುರು ಪಕ್ಷದ ಮಾತಿಗೆ ಕಿವಿಗೊಡುವುದು, ಆಧಾರವಿಲ್ಲದೆ ಮಾತನಾಡದಿರುವುದು: ಚರ್ಚಾಸ್ಪರ್ಧೆ ಕಲಿಸುವ ಈ ಗುಣಗಳೇ ನ್ಯಾಯಕ್ಕಾಗಿ ನಡೆಯುವ ಹೋರಾಟಕ್ಕೂ ಬೇಕು. ಶಾಲೆಯ ವೇದಿಕೆಯಲ್ಲಿ ಎರಡನೆಯ ಭಾಷಣಕಾರನ ಸರದಿ ಬಂದಾಗ ಅಧ್ಯಕ್ಷರು ಅವನ ಹೆಸರನ್ನು ಕರೆಯುತ್ತಾರೆ. ಗೋಡೆಯ ಹಿಂದೆ ತನ್ನ ಸರದಿಗಾಗಿ ಕಾಯುತ್ತಿರುವವನ ಹೆಸರನ್ನು ಕರೆಯುವ ಹೊಣೆ ಓದು ಬಲ್ಲ ಎಲ್ಲರದು.