ನಡು ತಿರುವುವ ಬಲ: ನಂಬತಕ್ಕ ಅಳತೆ ಹೇಗೆ?



ಬಣವೆಗೆ ಹುಲ್ಲಿನ ಹೊರೆ ಎಸೆಯುವಾಗ, ಕಾಲುವೆಯ ಮಣ್ಣನ್ನು ಎತ್ತಿ ಬದಿಗೆ ಹಾಕುವಾಗ ನಡು ತಿರುಗಲೇಬೇಕು. ಇದಕ್ಕೆ ತೋಳಿನ ಬಲವೊಂದೇ ಸಾಲದು. ಹೊಟ್ಟೆಯ ಇಕ್ಕೆಲಗಳಲ್ಲಿ ಓರೆಯಾಗಿ ಹಬ್ಬಿರುವ ಸ್ನಾಯುಗಳೂ ದುಡಿಯಬೇಕು. ಬಲಕ್ಕೆ ತಿರುಗುವಾಗ ಎಡಗಡೆಯ ಹೊರಪದರದ ಸ್ನಾಯುವೂ ಬಲಗಡೆಯ ಒಳಪದರದ ಸ್ನಾಯುವೂ ಕೂಡಿ ಎಳೆಯುತ್ತವೆ. ಎಡಕ್ಕೆ ತಿರುಗುವಾಗ ಇದು ಅದಲುಬದಲು.

ಗರಡಿಯಲ್ಲಿ ಸಾಮು ಮಾಡುವ ಯುವಕರು ಈ ಬಲ ಹೆಚ್ಚಿತೇ ಎಂದು ತಿಳಿಯಬಯಸುತ್ತಾರೆ. ಆದರೆ ಒಂದು ದಿನ ಮಟ್ಟ ಸವರಿದ ಸೇರು, ಇನ್ನೊಂದು ದಿನ ಗೋಪುರ ತುಂಬಿದ ಸೇರು ಬಳಸಿದರೆ ರಾಗಿಯ ಲೆಕ್ಕ ನಿಂತೀತೇ? ಬಲದ ಅಳತೆಯೂ ಹಾಗೆಯೇ. ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಡೈನಮೋಮೀಟರ್ ಎಂಬ ಯಂತ್ರವಿದೆ. ಹಳ್ಳಿಯಲ್ಲಿ ಸ್ಪ್ರಿಂಗ್ ತಕ್ಕಡಿಯಿಂದಲೂ ಅಳೆಯಬಹುದು; ಕ್ರಮ ಮಾತ್ರ ತಪ್ಪಬಾರದು.

1. ಮೊದಲು ತಕ್ಕಡಿಗೆ 10 ಕಿಲೋಗ್ರಾಂ ಬಟ್ಟು ತೂಗುಹಾಕಿ, ಅದು ಸರಿಯಾಗಿ ತೋರಿಸುತ್ತದೆಯೇ ನೋಡಿರಿ.

2. ಕದಲದ ಬೆಂಚಿನ ಮೇಲೆ ಕೂರಿಸಿ, ಸೊಂಟವನ್ನೂ ತೊಡೆಗಳನ್ನೂ ಅಗಲ ಪಟ್ಟಿಯಿಂದ ಬಿಗಿಯಿರಿ. ಬಿಗಿಯದಿದ್ದರೆ ಕಾಲಿನ ಬಲವೂ ಲೆಕ್ಕಕ್ಕೆ ಸೇರುತ್ತದೆ.

3. ಎದೆಗೆ ಅಡ್ಡಲಾಗಿ ಒಂದು ಕೋಲನ್ನು ಅಪ್ಪಿ ಹಿಡಿಯಲಿ. ಕೋಲಿನ ಬಲತುದಿಗೆ ಹಗ್ಗ ಕಟ್ಟಿ, ಹಗ್ಗವನ್ನು ತಕ್ಕಡಿಗೂ, ತಕ್ಕಡಿಯನ್ನು ಬೆನ್ನ ಹಿಂದಿನ ಗಟ್ಟಿ ಕಂಬಕ್ಕೂ ಸೇರಿಸಿರಿ. ಹಗ್ಗ ಎದೆಯ ಮಟ್ಟದಲ್ಲಿ, ಕೋಲಿಗೆ ನೇರ ಲಂಬವಾಗಿರಲಿ. ಈಗ ಎಡಕ್ಕೆ ತಿರುಗುವ ಬಲ ತಿಳಿಯುತ್ತದೆ. ಹಗ್ಗವನ್ನು ಎಡತುದಿಗೆ ಕಟ್ಟಿದರೆ ಬಲಕ್ಕೆ ತಿರುಗುವ ಬಲ.

4. ಬೆನ್ನುಮೂಳೆಯ ನೇರದಿಂದ ಹಗ್ಗದ ಗಂಟಿಗೆ ಎಷ್ಟು ದೂರವೆಂದು ಬರೆದಿಡಿರಿ. 30 ಸೆಂಟಿಮೀಟರಿನಲ್ಲಿ 15 ಕಿಲೋಗ್ರಾಂ ತೋರಿಸುವ ಬಲವೇ 40 ಸೆಂಟಿಮೀಟರಿನಲ್ಲಿ ಸುಮಾರು 11 ತೋರಿಸುತ್ತದೆ. ಗಂಟು ಸರಿದರೆ ಅಳತೆ ಕೆಟ್ಟಿತು.

5. ಐದು ನಿಮಿಷ ಮೈ ಬೆಚ್ಚಗೆ ಮಾಡಿಕೊಂಡು, ಜಗ್ಗದೆ, ಉಸಿರು ಕಟ್ಟದೆ ಮೆಲ್ಲನೆ ಬಲ ಏರಿಸಿ ಮೂರು ಸೆಕೆಂಡು ಹಿಡಿಯಲಿ. ನಡುನಡುವೆ ಎರಡು ನಿಮಿಷ ವಿಶ್ರಾಂತಿ ಕೊಟ್ಟು, ಪ್ರತಿ ಕಡೆಗೂ ಮೂರು ಸಲ ಅಳೆಯಿರಿ.

ಮೊದಲ ದಿನದ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿರಿ. ಅಭ್ಯಾಸವಾದೊಡನೆ, ಬಲ ಬೆಳೆಯದಿದ್ದರೂ ಅಂಕಿ ಏರುವುದುಂಟು. ಕೆಲವು ದಿನ ಬಿಟ್ಟು, ಅದೇ ಹೊತ್ತಿನಲ್ಲಿ, ಗದ್ದೆಯಲ್ಲಿ ದಣಿಯುವ ಮೊದಲೇ ಎರಡು ಸಲ ಅಳೆಯಿರಿ. ಈ ಎರಡು ದಿನಗಳ ನಡುವೆಯೇ 2 ಕಿಲೋಗ್ರಾಂ ವ್ಯತ್ಯಾಸ ಬಂದರೆ, ಮುಂದೆ 1 ಕಿಲೋಗ್ರಾಂ ಏರಿತೆಂದು ಹಿಗ್ಗುವುದಕ್ಕೆ ಅರ್ಥವಿಲ್ಲ. ಅದು ಬಲವಲ್ಲ, ಅಳತೆಯ ಏರುಪೇರು.

ಬೆನ್ನುನೋವು, ಅಂಡವಾಯು, ರಕ್ತದೊತ್ತಡ ಇರುವವರೂ ಬಸುರಿಯರೂ ಈ ಪರೀಕ್ಷೆಗೆ ಕೂರಬಾರದು. ನಡು ಉಳುಕಿ ಗುಣವಾಗುತ್ತಿರುವವನನ್ನು ಅಂಕಿ ನೋಡಿ ಮೂಟೆ ಹೊರಲು ಕಳುಹಿಸಲೂಬಾರದು. ವೈದ್ಯರ ಮಾತು ಕೇಳಿರಿ. ತಪ್ಪು ಅಳತೆಯಿಂದ ರಾಗಿ ಕಳೆದರೆ ಮುಂದಿನ ಬೆಳೆಯಲ್ಲಿ ಬಂದೀತು. ಬೆನ್ನು ಕೆಟ್ಟರೆ ಸಂಸಾರವೇ ಕುಸಿದೀತು.