ಕುಡಿತ ಬಿಡಿಸಲು ಊಟಕ್ಕೆ ಪುಡಿ ಬೆರೆಸಬಹುದೇ?

ಪ್ರಶ್ನೆ: ನಮ್ಮದು ಅಥಣಿ ತಾಲ್ಲೂಕಿನ ಸತ್ತಿ. ಗಂಡ ದಿನಾ ಕುಡಿಯುತ್ತಾರೆ. ಬಿಟ್ಟ ದಿನ ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. ಊಟದಲ್ಲಿ ಬೆರೆಸಲು ಯಾರೋ ಪುಡಿ ಕೊಟ್ಟಿದ್ದಾರೆ. ನನಗೂ ಬದುಕು ಸಾಕೆನಿಸಿದೆ. ಏನು ಮಾಡಲಿ?

ಉತ್ತರ: ಮೊದಲು ನಿಮ್ಮ ಮಾತು. ಸಾಕೆನಿಸಿದ್ದನ್ನು ಇಂದೇ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಹೇಳಿ: 14416. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತವಿದ್ದರೆ ಮಹಿಳಾ ಸಹಾಯವಾಣಿ 181.

ಪುಡಿ ಬೇಡವೇ ಬೇಡ. ಅದರಲ್ಲಿ ಡೈಸಲ್ಫಿರಾಮ್ ಎಂಬ ಮದ್ದು ಇದ್ದರೆ, ಅದರ ಮೇಲೆ ಅವರು ಕುಡಿದಾಗ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾಗಬಹುದು. ಕೈ ನಡುಗುವವರು ಮನೆಯಲ್ಲಿ ಒಮ್ಮೆಲೇ ಬಿಡುವುದೂ ಅಪಾಯ. ಮೊದಲ 48 ಗಂಟೆಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಗೊಂದಲ ಶುರುವಾಗಬಹುದು. ಹಾಗಾದರೆ ಕಾಯದೆ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಿ.

ಅಮಲಿಲ್ಲದ ಬೆಳಗಿನ ಹೊತ್ತು ಅವರೊಂದಿಗೆ ಮಾತಾಡಿ, ಅಥಣಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಮನೋವೈದ್ಯರು ಬರುವ ದಿನ ಮೊದಲೇ ಕೇಳಿಕೊಳ್ಳಿ. ನಡುಕದ ಮಾತ್ರೆ, ಥಯಮಿನ್ ಎರಡನ್ನೂ ವೈದ್ಯರೇ ನಿರ್ಧರಿಸಬೇಕು. ದಾಖಲಾಗಬೇಕೆಂದರೆ ಬೆಳಗಾವಿಯ ಬಿಮ್ಸ್ ಆಸ್ಪತ್ರೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ಅವರು ಬರಲೊಪ್ಪದಿದ್ದರೂ ನೀವೊಬ್ಬರೇ ಹೋಗಿ ವೈದ್ಯರನ್ನು ಕಾಣಿ; ವ್ಯಸನಮುಕ್ತಿ ಸಹಾಯವಾಣಿ 14446ರಲ್ಲೂ ಕೇಳಿ. ಬಿಟ್ಟ ಮೇಲೆ ಮತ್ತೆ ಕುಡಿದರೆ ಬೈಯುವ ಬದಲು, ಅದೇ ವಾರ ಮತ್ತೆ ಆಸ್ಪತ್ರೆಗೆ ಹೋಗಿ.